ಕೌಲ್ ಬಜಾರಿನಿಂದ ಬಂದ ಬಿಡಿ ಮಂಚ

ದೆವ್ವ, ಪಿಶಾಚಿ ಅಂತ ಯಾರಾದರೂ ಬಾಯಿ ತೆಗೆದರೆ ಮೊದಲು ನಗುತ್ತಿದ್ದವಳು ನಾನೇ. ನಾನು ವಿಜ್ಞಾನದ ಮೇಡಂ. ಹುಣಸೆಮರದ ಕೆಳಗೆ ಏನೋ ಕಂಡೆವೆಂದು ಹೆದರಿದ ಹುಡುಗಿಯರನ್ನು ಅದೇ ಮರದ ಕೆಳಗೆ ಕೂರಿಸಿ ಪಾಠ ಮಾಡಿದ್ದೇನೆ. ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಬಳ್ಳಾರಿಯಲ್ಲಿ, ಯಜಮಾನರ ಕೆಲಸವೂ ಅಲ್ಲೇ. ನನಗೆ ಸಿರುಗುಪ್ಪದ ಶಾಲೆಗೆ ವರ್ಗವಾಯಿತು. ದಿನಾ ಬಸ್ಸಿನಲ್ಲಿ ಹೋಗಿಬರುವುದು ಆಗದ ಮಾತು, ಅಲ್ಲೊಂದು ಎರಡನೇ ಮನೆ ಮಾಡಲೇಬೇಕು. ಆದರೆ ಹೆಂಗಸು ಒಬ್ಬಳೇ ಬೇರೆ ಊರಲ್ಲಿ ಮನೆ ಮಾಡುವುದೆಂದರೆ! ನಮ್ಮ ಕಡೆಯವರು, ಅವರ ಕಡೆಯವರು, ಎಲ್ಲರೂ ಸೇರಿ ಮೂರು ದಿನ ಮಾತಾಡಿದರು. ಅತ್ತೆ ಜೊತೆಗಿದ್ದರೆ ಸರಿ, ಇಲ್ಲದಿದ್ದರೆ ನೌಕರಿ ಬಿಡುವುದು ಎಂದು ಕೊನೆಗೆ ತೀರ್ಮಾನವಾಯಿತು. ನೌಕರಿ ಬಿಡುವ ಮಾತೇ ನನಗೆ ಬೇಡ, ಅತ್ತೆಯನ್ನೇ ಕೇಳಿಕೊಂಡೆ.

"ಬರ್ತೀನವಾ," ಅಂದರು ಅತ್ತೆ. "ಆದ್ರ ನನ್ನ ಮೊಣಕಾಲು ನಿನಗ ಗೊತ್ತೈತಿ. ನೆಲದ ಮ್ಯಾಲೆ ಮಕ್ಕಂಡ್ರ ಏಳಾಕ ಆಗಾಂಗಿಲ್ಲ. ಮಂಚ ಇರ್ಬೇಕು. ಇಲ್ಲಾಂದ್ರ ಅವತ್ತಿನ ಬಸ್ಸಿಗೇ ಹೊಳ್ಳಿ ಬರ್ತೀನಿ. ಇದ್ರೂ ಎಂಟು ದಿನ ನೋಡ್ತೀನಿ, ನನಗ ಹಿಡಿಸ್ಬೇಕು."

ಅತ್ತೆ ಆಡಿದ ಮಾತಿಗೆ ತಪ್ಪಿದವರಲ್ಲ. ಅದೇ ನನ್ನ ಚಿಂತೆ.

ಇದ್ದ ಮನೆಯ ಮಂಚ ಕೊಂಡೊಯ್ದರೆ ಇಲ್ಲಿ ಖಾಲಿಯಾಗುತ್ತದೆ, ಎರಡನೇ ಮನೆಗೆ ಹೊಸದು ಮಾಡಿಸುವಷ್ಟು ಪುರುಸೊತ್ತಿಲ್ಲ. ಶನಿವಾರ ಕೌಲ್ ಬಜಾರಿಗೆ ಹೋಗಿ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಸಾಗುವಾನಿ ಮಂಚ ಹಿಡಿದೆವು. ಒಳ್ಳೇ ಗಟ್ಟಿ ಮಾಲು. ಒಯ್ಯುವುದು ಹೇಗೆ ಅಂತ ನಾನು ಮುಖ ಸಣ್ಣ ಮಾಡಿದ್ದಕ್ಕೆ ಅಂಗಡಿಯ ಸಾಬರು ನಕ್ಕರು. "ಫಿಕರ್ ಮಾಡಬ್ಯಾಡ್ರಿ ಮೇಡಂ. ಎಲ್ಲಾ ಬಿಚ್ಚಿ ಕಟ್ಟಿ ಕೊಡ್ತೀನಿ, ಬಸ್ಸಿನ ಮ್ಯಾಲೆ ಹಾಕ್ರಿ. ಗುರ್ತು ಮಾಡೀನಿ ನೋಡ್ರಿ. ಒಂದಕ್ಕ ಒಂದು, ಎರಡಕ್ಕ ಎರಡು. ಸಣ್ಣ ಮಕ್ಳೂ ಜೋಡಿಸ್ತಾವ."

ನಾಲ್ಕು ಕಾಲು, ನಾಲ್ಕು ಪಟ್ಟಿ, ತಲೆಕಡೆಯ ಹಲಗೆ, ಕಾಲ್ಕಡೆಯ ಹಲಗೆ, ನಡುವೆ ಹಾಸುವ ಹಲಗೆಗಳು, ಒಂದು ಚೀಲ ಬೆಣೆ. ಪ್ರತಿ ತೂತಿನ ಪಕ್ಕದಲ್ಲೂ, ಪ್ರತಿ ಪಟ್ಟಿಯ ತುದಿಯಲ್ಲೂ ಸೀಮೆಸುಣ್ಣದಲ್ಲಿ ಅಂಕಿ. ಯಜಮಾನರು ಮರುದಿನ ತಾಯಿಯನ್ನು ಕರೆತರುವುದೆಂದು ಉಳಿದರು, ನಾನೊಬ್ಬಳೇ ಮಂಚದ ಜೊತೆ ಹೊರಟೆ. ತೆಕ್ಕಲಕೋಟೆಯಲ್ಲಿ ಬಸ್ಸು ನಿಂತಾಗ ಕೆಳಗಿಳಿದು ಮೇಲೆ ಕಟ್ಟು ಭದ್ರವಾಗಿದೆಯೇ ಎಂದು ನೋಡಿಬಂದೆ.

ಮನೆ ಮುಟ್ಟಿದ ಮೇಲೆ ಮಾಡಿದ ಕೆಲಸಕ್ಕೆ ನನ್ನನ್ನು ನಾನೇ ಎಷ್ಟು ಬೈದುಕೊಂಡಿದ್ದೇನೋ. ಯಾರೋ ಬಳಸಿದ ಮಂಚ, ತೊಳೆಯದೆ ಒಳಗೆ ತಂದರೆ ಅತ್ತೆ ಮುಟ್ಟುವವರಲ್ಲ. ಹಿತ್ತಲಲ್ಲಿ ಒಂದೊಂದನ್ನೂ ಸೀಗೆಪುಡಿ ಹಾಕಿ ತಿಕ್ಕಿ ತೊಳೆದೆ. ದಿನಾ ಹತ್ತು ಸಲ ಕರಿಹಲಗೆ ಒರೆಸುವ ಕೈ ನನ್ನದು. ಸೀಮೆಸುಣ್ಣ ಕಂಡರೆ ಒರೆಸುವುದೇ ಅದಕ್ಕೆ ಗೊತ್ತು. ಬೆಳಿಗ್ಗೆ ಒಣಗಿದ್ದನ್ನು ಒಳಗೆ ತಂದಿಟ್ಟು ನೋಡುತ್ತೇನೆ, ಒಂದು ಅಂಕಿಯೂ ಉಳಿದಿಲ್ಲ.

ಭಾನುವಾರ ಮಧ್ಯಾಹ್ನ ತಾಯಿ ಮಗ ಬಂದರು. ಊಟ ಮಾಡಿ ಯಜಮಾನರು ಸುತ್ತಿಗೆ ಹಿಡಿದು ಕೂತರು. ಆ ಪಟ್ಟಿ ಈ ಕಾಲಿಗೆ, ಈ ಪಟ್ಟಿ ಆ ಕಾಲಿಗೆ. ಒಂದು ಕಡೆ ಕೂತರೆ ಮೂರು ಕಡೆ ಬಾಯಿ ಬಿಡುತ್ತದೆ. ಕಣ್ಣಿಗೆ ಎಲ್ಲ ಒಂದೇ ಥರ, ಆದರೆ ಪ್ರತಿ ತೂತನ್ನೂ ಅದರದೇ ಪಟ್ಟಿಗೆ ಅಂತ ಕೊರೆದಿದ್ದರು. ಎರಡು ಗಂಟೆ ಒದ್ದಾಡಿ ಅವರ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಅತ್ತೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು.

"ಐದರ ಬಸ್ಸು ಐತಲ್ಲ ತಮ್ಮಾ?" ಎಂದು ಕೇಳಿದರು.

ನಾನು ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಸುಳ್ಳು ಹೇಳುವುದಿಲ್ಲ, ಗಳಗಳ ಕಣ್ಣೀರು ಸುರಿಸಿದೆ. ಹೋಯಿತು ನನ್ನ ನೌಕರಿ, ಅದೂ ನನ್ನ ಕೈಯಾರೆ ಅಂತ.

ಅಷ್ಟರಲ್ಲಿ ನಡುಮನೆಯಿಂದ ಅತ್ತೆಯ ದನಿ ಕೇಳಿಸಿತು. "ಅದಲ್ಲಲೇ, ನಿನ್ನ ಎಡಗೈ ಹತ್ರ ಬಿದ್ದೈತಲ್ಲ, ಅದು ತಲಿಕಡಿಂದು. ಹಾಂ. ಈಗ ಅದನ್ನ ಹೊಳ್ಳಿಸಿ ಹಾಕು. ಗಿಡ್ಡ ಕಾಲು ಗ್ವಾಡಿ ಕಡಿಗೆ ಇರ್ಲಿ, ಅದರ ಬುಡಕ ಒಂದು ಕಟಗಿ ಚಕ್ಕಿ ಕೊಡು." ಸುತ್ತಿಗೆ ಟಕ್ ಟಕ್ ಎಂದು ಬೀಳತೊಡಗಿತು. ಚಹಾ ಕುದಿದು ನಾನು ಲೋಟ ಹಿಡಿದು ಬರುವಷ್ಟರಲ್ಲಿ ಮಂಚ ನಿಂತಿದೆ! ಅಲುಗಾಡಿಸಿದರೂ ಕಿರ್ ಎನ್ನಲಿಲ್ಲ.

"ನಮಗಿಬ್ರಿಗೇ ಚಹಾ ತಂದಿಯಲ್ಲ ಹುಚ್ಚಿ, ಆಕಿಗೆ?" ಅಂದರು ಅತ್ತೆ.

"ಯಾರಿಗೆ ಅತ್ತಿ?"

"ಹೊಸ್ತಿಲದಾಗ ಕುಂತಿದ್ಲಲ್ಲ, ಹಸರು ಸೀರಿ ಉಟ್ಟಾಕಿ. ಆಕಿ ಹೇಳಿದಂಗ ನಾ ಇವಗ ಹೇಳಿದೆ. ವರ್ಷಾ ವರ್ಷಾ ತಿಗಣಿ ಆದಾಗ ಇದನ್ನ ಬಿಚ್ಚಿ ಸಂದಿಗೆಲ್ಲ ಬಿಸಿನೀರು ಸುರುವಿ ತಾನ ಜೋಡಿಸ್ತಿದ್ಲಂತ. ಮಾತು ಕಡಿಮಿ, ಮಂದಿ ಛಲೋ. ಎದ್ದು ಹ್ವಾದ್ಲೇನು?"

ಯಜಮಾನರು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಅವರಿಗೆ ಕೇಳಿಸಿದ್ದು ತಾಯಿಯ ದನಿ ಒಂದೇ. ನಾನು ಬೀದಿಗೆ ಓಡಿದೆ. ಆ ಓಣಿಯಲ್ಲಿ ನಮ್ಮದೂ ಸೇರಿ ಮೂರೇ ಮನೆ. ನಾಟಿಯ ಕಾಲ, ಉಳಿದೆರಡಕ್ಕೂ ಬೀಗ ಹಾಕಿ ಗದ್ದೆಗೆ ಹೋಗಿದ್ದರು. ದಾರಿ ನೇರ, ಬಿಸಿಲು ನಿಚ್ಚಳ, ಒಂದು ನಾಯಿಯೂ ಇಲ್ಲ.

ಅತ್ತೆಯ ಕಣ್ಣು ಚೆನ್ನಾಗಿತ್ತು, ಸೂಜಿಗೆ ದಾರ ಅವರೇ ಪೋಣಿಸುತ್ತಿದ್ದರು. ಹುಟ್ಟಿದಾಗಿನಿಂದ ಬಡಗಿ ಕೆಲಸದ ಹತ್ತಿರ ಸುಳಿದವರಲ್ಲ. ಮರುದಿನ ಶಾಲೆಯಿಂದ ಅಳತೆಪಟ್ಟಿ ತಂದು ಗೋಡೆ ಕಡೆಯ ಕಾಲು ಅಳೆದೆ. ಉಳಿದ ಮೂರಕ್ಕಿಂತ ಅದು ಅರ್ಧ ಬೆರಳು ಗಿಡ್ಡವೇ ಇತ್ತು.

ಆಕೆ ನಮ್ಮ ಓಣಿಯವಳೇ ಎಂದು ನಂಬಿದ್ದ ಅತ್ತೆ, ಮತ್ತೆ ಬರಲಿಲ್ಲವಲ್ಲ ಎಂದು ದಿನಾ ಕೇಳತೊಡಗಿದರು. ಮಗಳ ಮನೆಗೆ ತೆಕ್ಕಲಕೋಟೆಗೆ ಹೋಗಿದ್ದಾಳಂತೆ ಎಂದು ಸುಳ್ಳು ಹೇಳಿದೆ. ಬಾಳಂತನವೇ ಎಂದು ಕೇಳಿದರು, ಹೌದೆಂದೆ. ಆಮೇಲೆ ಎಷ್ಟೋ ಸಲ ಕೌಲ್ ಬಜಾರಿನ ಆ ಅಂಗಡಿಯ ಮುಂದೆ ಹಾದುಹೋಗಿದ್ದೇನೆ. ಮಂಚ ಯಾರ ಮನೆಯದು ಎಂದು ಕೇಳುವ ಧೈರ್ಯ ಬರಲಿಲ್ಲ. ಕೇಳಿ ಏನಾಗಬೇಕಿತ್ತು, ಅತ್ತೆ ಅದರ ಮೇಲೆ ಸುಖವಾಗಿ ನಿದ್ದೆ ಮಾಡುತ್ತಿದ್ದರು.

ಎಂಟನೇ ದಿನ ಯಜಮಾನರು ತಾಯಿಯನ್ನು ಕರೆದೊಯ್ಯಬೇಕೋ ಬೇಡವೋ ಎಂದು ಕೇಳಲು ಬಂದರು. ಅತ್ತೆ ಮಂಚದ ಮೇಲೆ ಕಾಲು ಚಾಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ನಾ ಬರಾಂಗಿಲ್ಲ ಹೋಗಪ್ಪ. ಗುರ್ತಿಲ್ಲದ ಊರಾಗ ಹ್ಯಾಂಗ ಇರ್ಲಿ ಅಂತ ಅಂಜಿದ್ದೆ. ಬಂದ ದಿನಾನ ಕರೀದ ಬಂದು ಕೈ ಹಚ್ಚೋ ಮಂದಿ ಅದಾರಿಲ್ಲಿ, ನನಗಿನ್ನೇನು ಬೇಕು?"

ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅತ್ತೆ ಆ ಊರಲ್ಲಿ ಆರು ವರ್ಷ ಇದ್ದರು, ನನ್ನ ನೌಕರಿ ಉಳಿಯಿತು. ಅದು ಯಾರಿಂದ ಉಳಿಯಿತೆಂದು ನೀವು ಕೇಳಿದರೆ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.