ಹುರುಳಿ ಹರಡಿದ ರೇಸಿನ ದಾರಿ

ಹೋದ ವಾರ ಸಾಸಲಿನ ಕಡೆ ಒಂದು ಮದುವೆಗೆ ಹೊರಟಿದ್ದೆವು. ರಸ್ತೆಗೆ ಅಡ್ಡಲಾಗಿ ಯಾರೋ ಹುರುಳಿ ಗಿಡ ಹರಡಿದ್ದರು, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಅಂತ. ಚಕ್ರದಡಿ ಕಾಯಿ ಚಟಚಟ ಒಡೆದು, ಆ ಒಣ ಹೊಟ್ಟಿನ ಘಾಟು ಮೂಗಿಗೆ ಬಡಿಯಿತು ನೋಡಿ, "ನಿಲ್ಸೋ, ನಿಲ್ಸೋ!" ಅಂತ ಕೂಗಿಬಿಟ್ಟೆ. ಮೊಮ್ಮಗ ಗಾಬರಿಯಾಗಿ ಬ್ರೇಕ್ ಹಾಕಿದ. "ಏನಾಯ್ತು ತಾತ?" ಏನಿಲ್ಲ, ನಡಿ ಅಂದೆ. ಆ ಘಾಟು ಮಾತ್ರ ಮದುವೆ ಮನೆ ಮುಟ್ಟುವವರೆಗೂ ಮೂಗು ಬಿಡಲಿಲ್ಲ...

ಅರವತ್ತರ ದಶಕದ ಕೊನೆ. ಬೂದಿಗೆರೆ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಮೇಷ್ಟ್ರು. ಮೀಸೆ ಚಿಗುರಿ ನಾಲ್ಕು ದಿನವಾಗಿತ್ತು, ಜಂಬಕ್ಕೇನೂ ಕಮ್ಮಿಯಿರಲಿಲ್ಲ. ಪಕ್ಕದ ಮನೆಯ ಯಜಮಾನರು ಬೇಸಾಯಗಾರರು, ನನ್ನ ತಂದೆಯ ವಯಸ್ಸು. ಅವರ ಮನೆಯಲ್ಲಿ ಹುರುಳಿ ಬಸ್ಸಾರು ಮಾಡಿದ ದಿನ ನನಗೊಂದು ಬಟ್ಟಲು ಬಂದೇ ಬರುತ್ತಿತ್ತು. ಊರಾಚೆ ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ಇಳಿಸಲು ಹಾಕಿದ್ದ ಉದ್ದನೆಯ ಸಿಮೆಂಟು ನೆಲವಿತ್ತು. ಅಲ್ಲಿ ವಿಮಾನ ಇಳಿದದ್ದನ್ನು ಕಂಡವರಿಲ್ಲ. ಊರವರಿಗೆ ಅದು ಕಣ, ಅಷ್ಟೇ.

ಆ ಜನವರಿಯಲ್ಲಿ ಬೆಂಗಳೂರಿನ ಕಾರಿನ ಶೋಕಿಯವರು ಆ ನೆಲದ ಮೇಲೆ ಸುತ್ತು ದಾರಿ ಗುರುತು ಹಾಕಿ ಎರಡು ದಿನದ ರೇಸ್ ಇಟ್ಟುಕೊಂಡರು. ಶನಿವಾರ ಅಭ್ಯಾಸ, ಭಾನುವಾರ ಓಟ. ಡೇರೆ, ಮೈಕು, ಸೋಡಾ ಗಾಡಿ, ಕಡ್ಲೆಕಾಯಿಯವರು, ತಿರುವಿಗೆಲ್ಲ ನಮ್ಮೂರಿನದೇ ಹುಲ್ಲಿನ ಹೊರೆ... ಅಬ್ಬಬ್ಬಾ, ಆ ಗಲಾಟೆ! ಭಾನುವಾರದ ಮೊದಲ ಓಟ ಯುದ್ಧಕ್ಕೂ ಹಿಂದಿನ ಹಳೇ ಕಾರುಗಳದ್ದು. ತಲೆ ಮೇಲೆ ಸೂರಿಲ್ಲ, ಬ್ರೇಕು ಹಾಕಿದರೆ ಅರ್ಧ ಫರ್ಲಾಂಗು ಓಡಿ ನಿಲ್ಲುವಂಥವು. ನನ್ನ ತೋಳಿಗೊಂದು ಪಟ್ಟಿ ಕಟ್ಟಿ, ಕೈಗೆ ಕೆಂಪು ಬಾವುಟ ಕೊಟ್ಟು, ದೂರದ ತಿರುವಿನಲ್ಲಿ ನಿಲ್ಲಿಸಿದರು. ಏನಾದರೂ ಅಡ್ಡ ಬಂದರೆ ಬಾವುಟ ಬೀಸಿ ಕಾರು ನಿಲ್ಲಿಸುವುದು ನನ್ನ ಕೆಲಸ.

ಶನಿವಾರ ಸಂಜೆ ಯಜಮಾನರು ಕೇಳಿದರು, "ಮೇಷ್ಟ್ರೇ, ನಾಳೆ ಎಷ್ಟ್ ಸುತ್ತು ಓಡುಸ್ತಾರೆ?"

"ಇಪ್ಪತ್ತು ಸುತ್ತು. ಹತ್ತು ಗಂಟೆಗೆ ಶುರು" ಅಂದೆ, ನಾನೇ ಓಡಿಸುವವನ ಹಾಗೆ. ಯಾಕೆ ಕೇಳುತ್ತಿದ್ದಾರೆ ಅಂತ ಒಂದು ಮಾತು ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ದಾರಿ ತಪಾಸಣೆ ಮಾಡುವ ಜೀಪು ಒಂದು ಸುತ್ತು ಹಾಕಿಕೊಂಡು ಹೋಯಿತು. ಡೇರೆಯಲ್ಲಿ ಉಪ್ಪಿಟ್ಟು ಕೊಡುತ್ತಿದ್ದಾರೆ ಅಂತ ಗೊತ್ತಾಗಿ, ನಾನು ನನ್ನ ಜಾಗ ಬಿಟ್ಟು ಹೋದೆ. ಹಾಳು ಹೊಟ್ಟೆ! ವಾಪಸ್ಸು ಬಂದು ನೋಡಿದರೆ, ತಿರುವಿನ ಉದ್ದಕ್ಕೂ ಒಂದು ಗಾಡಿ ಹುರುಳಿ ಗಿಡ ಹರಡಿಕೊಂಡು ಬಿದ್ದಿದೆ. ಪಕ್ಕದಲ್ಲಿ ಕವೆಗೋಲು ಹಿಡಿದು ಯಜಮಾನರು ನಗುತ್ತಾ ನಿಂತಿದ್ದಾರೆ.

"ಎತ್ತುಗಳಿಗೆ ಇವತ್ತು ರಜ ಕೊಟ್ಬಿಟ್ಟೆ ಮೇಷ್ಟ್ರೇ."

"ಅಯ್ಯೋ, ತೆಗೀರಿ! ಕಾರು ಜಾರಿ ಸಾಯ್ತಾರೆ!"

"ಹೊಸಕೋಟೆ ರೋಡಲ್ಲಿ ಹುರುಳಿ ಮೇಲೆ ಲಾರಿ ಹತ್ಸಲ್ವಾ..." ಅನ್ನುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಆಗಲೇ ಉದುರಿದ್ದ ಕಾಳಿನ ಮೇಲೆ ಅವರ ಕಾಲೇ ಜಾರಿತ್ತು. ಇಬ್ಬರೂ ಬಾಚಿ ಬಾಚಿ ಎಳೆದೆವು. ನಾಲ್ಕು ಹಿಡಿ ಎಳೆದಿರಲಿಲ್ಲ, ಆ ತುದಿಯಲ್ಲಿ ಕಾರುಗಳು ಗುಡುಗಿದವು. ಓಟ ಶುರುವಾಗಿಬಿಟ್ಟಿತ್ತು.

ಬಾವುಟ ಹಿಡಿದು ದಾರಿಯ ನಡುವೆ ನಿಂತೆ. ನಿಂತದ್ದು ನಿಜ. ಧೂಳೆಬ್ಬಿಸಿಕೊಂಡು ಐದು ಕಾರು ಒಟ್ಟಿಗೆ ಬಂದವು, ಕಾಲಡಿಯ ನೆಲ ನಡುಗಿತು. ಆಮೇಲೆ ನಾನೇನು ಮಾಡಿದೆ ಅಂತ ಹೇಳಲು ಇವತ್ತಿಗೂ ನಾಚಿಕೆ... ಬಾವುಟ ಎಸೆದು ಪಕ್ಕದ ಹಳ್ಳಕ್ಕೆ ಹಾರಿಬಿಟ್ಟೆ.

ತಲೆ ಎತ್ತಿ ನೋಡಿದಾಗ ಬಾವುಟ ಯಜಮಾನರ ಕೈಯಲ್ಲಿತ್ತು. ಹುರುಳಿಯಿಂದ ಐವತ್ತು ಹೆಜ್ಜೆ ಮುಂದಕ್ಕೆ, ಕಾರುಗಳಿಗೆ ಎದುರಾಗಿ ಓಡುತ್ತಿದ್ದರು. ಎರಡೂ ಕೈ ಎತ್ತಿ, ಬೆದರಿದ ಎತ್ತುಗಳನ್ನು ನಿಲ್ಲಿಸುವ ಹಾಗೆ "ಹೋ... ಹೋ... ಹೋ..." ಅಂತ ಕೂಗುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ.

ಟೈರುಗಳು ಕಿರುಚಿದವು. ಕಣ್ಣು ಬಿಟ್ಟಾಗ ಎರಡು ಕಾರು ಹುಲ್ಲಿನ ಹೊರೆಗೆ ನುಗ್ಗಿದ್ದವು, ಎರಡು ಹಿಂದೆಯೇ ನಿಂತಿದ್ದವು. ಮುಂದಿನದು ಅಡ್ಡಡ್ಡ ಜಾರಿ, ಅವರ ಮೊಣಕಾಲಿಗೆ ಬಡಿದು, ಹುರುಳಿಯ ಅಂಚಿನಲ್ಲಿ ನಿಂತಿತ್ತು. ಯಾರೂ ಸಾಯಲಿಲ್ಲ. ಧೂಳಿನಲ್ಲಿ ಯಾರಿಗೆ ಯಾರೂ ಕಾಣಿಸುತ್ತಿರಲಿಲ್ಲ, ಕಾರಿನವರಿಗೂ ಕಂಡದ್ದು ಕೆಂಪು ಬಾವುಟವಷ್ಟೇ. ಯಜಮಾನರು ಕಾಲೆಳೆದುಕೊಂಡು ಹಳ್ಳದ ಹತ್ತಿರ ಬಂದು, ನನ್ನನ್ನು ಮೇಲಕ್ಕೆಳೆದು, ಬಾವುಟವನ್ನು ನನ್ನ ಕೈಗೆ ತುರುಕಿದರು.

ರೇಸಿನವರು ಜೀಪಿನಲ್ಲಿ ಬಂದು ಕೂಗಾಡಿದಾಗ ಅವರೇ ಮುಂದೆ ಹೋದರು. "ಹುರುಳಿ ಹಾಕಿದ್ದು ನಾನೇ ಸ್ವಾಮಿ. ಅಡ್ಡ ನಿಂತು ನಿಲ್ಸಿದ್ದು ನಮ್ಮ ಮೇಷ್ಟ್ರು. ನಾನು ಗೊತ್ತಿಲ್ದೆ ನಡುವೆ ಸಿಕ್ಕಾಕ್ಕೊಂಡೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾವುಟದ ಧೂಳು ಕೊಡವುತ್ತಾ ನಿಂತೆ. ಒಬ್ಬರು ನನ್ನ ಬೆನ್ನು ತಟ್ಟಿದರು, ಇನ್ನೊಬ್ಬರು ಯಜಮಾನರ ಕುತ್ತಿಗೆಗೆ ಕೈ ಹಾಕಿ ತಳ್ಳಿದರು. ಸಂಜೆ ಮೈಕಿನಲ್ಲಿ ನನ್ನ ಧೈರ್ಯ ಹೊಗಳಿ ಒಂದು ಬೆಳ್ಳಿ ಬಟ್ಟಲು ಕೊಟ್ಟರು. ತೆಗೆದುಕೊಂಡೆ! ಥೂ, ಅದನ್ನೂ ತೆಗೆದುಕೊಂಡೆ.

ಮಾರನೆಯ ದಿನ ಯಜಮಾನರು ಕಾಲಿಗೆ ಪಟ್ಟು ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಯಾಕೆ ಹಾಗೆ ಹೇಳಿದಿರಿ ಅಂತ ಕೇಳಿದೆ.

"ಮೇಷ್ಟ್ರು ಬಾವುಟ ಬಿಟ್ಟು ಓಡೋದ್ರು ಅಂದ್ರೆ ಮಕ್ಳು ನಿಮ್ ಮಾತು ಕೇಳ್ತಾವಾ? ನಂಗೇನು ಬುಡಿ, ಬೈಸ್ಕೊಂಡು ಅಭ್ಯಾಸ ಐತೆ."

ಆ ಕಾಲು ಕೊನೆವರೆಗೂ ಸರಿಹೋಗಲಿಲ್ಲ. ನನ್ನ ಮನೆಗೆ ಬಂದಾಗ ಗೂಡಿನಲ್ಲಿದ್ದ ಬಟ್ಟಲು ನೋಡಿ, "ಕಪ್ಪಾಗೈತಲ್ಲ ಮೇಷ್ಟ್ರೇ, ಹುಣಸೆಹಣ್ಣು ಹಾಕಿ ತಿಕ್ಸಿ" ಅನ್ನುತ್ತಿದ್ದರು. ಅಣಕವಿಲ್ಲ, ಏನಿಲ್ಲ. ಇವತ್ತು ಊರವರ ಮುಂದೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತಲೇ ವರ್ಷಗಳು ಹೋದವು. ನನಗೆ ದೊಡ್ಡಬಳ್ಳಾಪುರಕ್ಕೆ ವರ್ಗವಾಯಿತು. ಅವರು ಹೋದ ಸುದ್ದಿ ನನಗೆ ಮುಟ್ಟಿದ್ದು ತಿಥಿಯೂ ಕಳೆದ ಮೇಲೆ...

ಮೊನ್ನೆ ಮದುವೆ ಮನೆಯಲ್ಲಿ ಮೊಮ್ಮಗ ಹೊಸ ಬೀಗರಿಗೆ ನನ್ನನ್ನು ತೋರಿಸಿ, "ರೇಸ್ ಕಾರಿಗೇ ಅಡ್ಡ ನಿಂತೋರು ನಮ್ ತಾತ" ಅಂದ. ಅವರು ಕೈ ಮುಗಿದರು. ಎಂದಿನಂತೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮೂಗಿನಲ್ಲಿನ್ನೂ ಹುರುಳಿಯ ಘಾಟು ಹಾಗೇ ಇತ್ತು.

"ಇಲ್ಲಪ್ಪಾ, ನಾನು ಓಡಿಹೋದೆ" ಅಂದೆ. "ನಿಂತೋರು ನಮ್ಮ ಪಕ್ಕದ್ಮನೆ ಯಜಮಾನ್ರು."

ತಮಾಷೆಯೆಂದುಕೊಂಡು ಎಲ್ಲರೂ ನಕ್ಕರು. ಇನ್ನೊಂದು ಸಲ ಹೇಳಿದೆ. ಹೌದು ಅನ್ನಲು ಯಜಮಾನರು ಅಲ್ಲಿರಲಿಲ್ಲ.