ಸೊಪ್ಪಿಗೆ ಕಾಯಿಸಿದ ಬಿಸಿಲು

ಪುಟ್ಟಿ, ಚಿನ್ನು, ಇದು ನಿಮ್ಮಿಬ್ಬರಿಗೆ. ಎದುರಿಗೆ ಕೂತು ಹೇಳಲು ನನಗೆ ಸಂಕೋಚ. ಬರೆಯುವುದಕ್ಕೂ ಮೊಣಕೈ ಬಿಡುವುದಿಲ್ಲ, ನಿಲ್ಲಿಸಿ ನಿಲ್ಲಿಸಿ ಬರೆಯುತ್ತಿದ್ದೇನೆ.

ಹೋದ ಮಳೆಗಾಲ ರಾಗಿ ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು ಕೊಯ್ಯಲು ಕುಕ್ಕರಗಾಲಲ್ಲಿ ಕೂತವಳಿಗೆ ಏಳಲಾಗಲಿಲ್ಲ. ಬೇಲಿಯ ಗೂಟ ಹಿಡಿದು ಹೇಗೋ ಎದ್ದೆ. ತರೀಕೆರೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ವಿಟಮಿನ್ ಡಿ ತೀರಾ ಕಡಿಮೆ, ಮೂಳೆ ಸೋತಿವೆ ಅಂದರು. ಮಾತ್ರೆ ಬರೆದುಕೊಟ್ಟು, ತೋಳು ಬಿಟ್ಟುಕೊಂಡು ಬಿಸಿಲಲ್ಲಿ ಕೂರಬೇಕು ಅಂತಲೂ ಹೇಳಿದರು. ಮತ್ತೆ ಸೊಪ್ಪಿಗೆ ಹೋಗಲು ಆಗುತ್ತದೋ ಇಲ್ಲವೋ, ನನಗಿದ್ದ ಚಿಂತೆ ಅದೊಂದೇ. ನಿಮ್ಮ ತಾತ ಹೋದ ಮೇಲೆ ನಾನು ನಾನಾಗಿ ಮನೆಯಿಂದ ಹೊರಡುತ್ತಿದ್ದುದು ಅದಕ್ಕೆ ಮಾತ್ರ.

ಮಾತ್ರೆಯ ಮೇಲಿನ ಮೆತ್ತನೆಯ ಸಿಪ್ಪೆಯನ್ನು ಪ್ರಾಣಿಯ ಮೂಳೆ, ಚರ್ಮದಿಂದ ಮಾಡುತ್ತಾರೆ ಅಂತ ಯಾರೋ ಅಂದರು. ಕೊರಳಲ್ಲಿ ಲಿಂಗ ಇರುವವಳು ಹೇಗೆ ನುಂಗಲಿ? ಎತ್ತಿಟ್ಟುಬಿಟ್ಟೆ. ಬಿಸಿಲಿಗೆ ಕೂರೋಣವೆಂದರೆ ಶಿವನಿ ಸ್ಟೇಷನ್ನಿನಲ್ಲಿ ರೈಲು ಹಿಡಿಯುವವರೆಲ್ಲ ನಮ್ಮ ಅಂಗಳದ ಮುಂದೆಯೇ ಹೋಗುವುದು. ಹೊಲಕ್ಕೆ ಹೋದರೂ ಸೆರಗು ಹೊದ್ದೇ ಇದ್ದವಳು ನಾನು. ಸೊಪ್ಪು ಬಾಡಬಾರದೆಂದು ಬಿಸಿಲೇರುವ ಮುಂಚೆಯೇ ಕೊಯ್ದು ತರುತ್ತಿದ್ದೆವು.

ಆಗ ನನಗೊಂದು ಉಪಾಯ ಹೊಳೆಯಿತು. ಬಿಸಿಲಿನ ಸತ್ವ ಸೊಪ್ಪಿಗೂ ಇಳಿಯುತ್ತದಲ್ಲ, ಅದನ್ನೇ ಉಂಡರಾಯಿತು. ಕೆರೆ ಕಡೆಯಿಂದ ತರಿಸಿದ ಹೊನಗೊನೆ ಸೊಪ್ಪನ್ನು ಮೊರದಲ್ಲಿ ಹರಡಿ ಅಂಗಳದಲ್ಲಿಟ್ಟು, ಜಗಲಿಯ ನೆರಳಲ್ಲಿ ಕೂತು ಕಾದೆ. ಸಂಜೆಗೆ ಬಸ್ಸಾರು. ದೀಪಾವಳಿಯಿಂದ ಶಿವರಾತ್ರಿಯವರೆಗೂ ಹೀಗೇ ನಡೆಯಿತು. ಎದುರು ಮನೆಯವಳು ಬಿಡುತ್ತಾಳೆಯೇ?

"ಏನಕ್ಕಾ, ಡಾಕ್ಟ್ರು ಬಿಸ್ಲು ಬರ್ಕೊಟ್ಟಿದ್ದು ನಿಂಗೋ ಸೊಪ್ಪಿಗೋ?"

ನೋವು ಮಾತ್ರ ಇದ್ದಲ್ಲೇ ಇತ್ತು.

ಪುಟ್ಟಿ, ಆಹಾರದ ವಿಷಯ ಓದುತ್ತಿರುವ ನೀನು ರಜೆಗೆ ಬಂದವಳು ಮೊರ ನೋಡಿ ಕೇಳಿದೆ. ಹೇಳಿದ್ದಕ್ಕೆ ನಗಲಿಲ್ಲ. ನಮ್ಮ ಸೊಪ್ಪುಗಳಲ್ಲಿ ಬೇರೆ ಸತ್ವ ಬೇಕಾದಷ್ಟಿದೆ, ಈ ವಿಟಮಿನ್ ಡಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಅಣಬೆಯಾದರೆ ಬಿಸಿಲಿಗಿಟ್ಟಾಗ ಅದರಲ್ಲಿ ಬರುತ್ತದೆ. ಕಡಲ ಪಾಚಿಯಲ್ಲಿ ಒಂದಿಷ್ಟು ಇದ್ದರೂ ಅದನ್ನೇ ನಂಬಿ ಕೂರುವಂತಿಲ್ಲ ಅಂದೆ ನೀನು. ಅಣಬೆ ನಮ್ಮ ಒಲೆಗೆ ಬರುವುದಿಲ್ಲ. ಕಡಲನ್ನು ನಾನು ಕಂಡೇ ಇಲ್ಲ. ಅಷ್ಟು ದಿನ ಕಾದದ್ದೆಲ್ಲ ದಂಡವಾಯಿತೆಂದು ಸುಸ್ತಾಗಿ ಗೋಡೆಗೊರಗಿದೆ.

ನೀನು ಡಾಕ್ಟರಿಗೆ ಫೋನು ಮಾಡಿ, ಪ್ರಾಣಿಯ ಸೋಂಕಿಲ್ಲದ ಔಷಧಿ ಬರೆಸಿದೆ. ಹಿತ್ತಿಲಲ್ಲಿ ಹಳೇ ಸೀರೆಗಳಿಂದ ಮರೆ ಕಟ್ಟಿ, ಒಳಗೆ ಮಣೆ ಹಾಕಿ ಕರೆದೆ.

"ಸೊಪ್ಪು ಸಾಕಷ್ಟು ಬಿಸ್ಲು ಕಾಯಿಸ್ಕೊಂಡಿದೆ ಅಜ್ಜಿ. ಇನ್ನು ನೀನು ಬಾ."

ತೋಳಿನ ಮೇಲೆ ಬಿಸಿಲು ಬಿದ್ದಾಗ ನಾಚಿಕೆಯಾಯಿತು. ಆಮೇಲೆ ಅಭ್ಯಾಸವಾಯಿತು.

ಈ ಮಳೆಗಾಲ ಬದುವಿಗೆ ಹೋಗಿದ್ದೆ. ಕೂತೆ, ಗೂಟ ಹಿಡಿದೇ ಎದ್ದೆ, ಆದರೂ ಎದ್ದೆ. ಒಂದು ಹಿಡಿ ಸೊಪ್ಪು ಸಿಕ್ಕಿತು. ಬರುವ ವರ್ಷದ ಮಾತು ಹೇಳಲಾರೆ, ಮೈ ದಣಿದಿದೆ. ಅದಕ್ಕೇ ಯಾವ ಸೊಪ್ಪು ಯಾವ ಬದುವಿನಲ್ಲಿ ಏಳುತ್ತದೆ ಅನ್ನುವುದನ್ನೂ ಇದರ ಜೊತೆ ಬರೆದಿಟ್ಟಿದ್ದೇನೆ. ನೀವು ಬಿಸಿಲಲ್ಲಿ ಓಡಾಡಿ. ಈ ಹಾಳೆಗಳನ್ನು ಮಾತ್ರ ಬಿಸಿಲು ತಾಗದ ಕಡೆ ಜೋಪಾನವಾಗಿಡಿ, ಶಾಯಿ ಹಾರಿಹೋಗುತ್ತದೆ.