ಇನಾಲುಕ್ ಬಿಗಿದ ದಾರ

ಗ್ರೀನ್‌ಲ್ಯಾಂಡಿನ ಉತ್ತರ ತುದಿಯ ಕಾನಾಕ್ ಊರಿನಲ್ಲಿ ನಾಯಿಗಳಿಗೆ ಬೂಟು ಬೇಕೆಂದರೆ ಎಲ್ಲರೂ ಇನಾಲುಕ್‌ಳ ಮನೆಗೇ ಬರುತ್ತಿದ್ದರು. ವಸಂತದಲ್ಲಿ ಹಿಮ ಕರಗಿ, ಕಡಲಿನ ಮೇಲಿನ ಮಂಜುಗಡ್ಡೆ ಸೂಜಿ ಸೂಜಿಯಾಗಿ ಏಳುತ್ತದೆ. ಗಾಡಿ ಎಳೆಯುವ ನಾಯಿಗಳ ಅಂಗಾಲು ಅದರ ಮೇಲೆ ಹರಿದುಹೋಗುತ್ತದೆ. ಆಕೆ ಸೀಲ್ ಚರ್ಮ ಕತ್ತರಿಸಿ, ಉಗುರಿಗೆ ತೂತು ಬಿಟ್ಟು, ಮೂವತ್ತು ವರ್ಷದಿಂದ ಬೂಟು ಹೊಲಿಯುತ್ತಿದ್ದಳು.

ಆ ಮೇ ತಿಂಗಳು ಆಕೆ ಗಂಡ ಮಿತೆಕ್‌ನ ಜೊತೆ ಮೀನು ಹಿಡಿಯಲು ಹೋಗಿದ್ದಳು. ವಾಪಸು ಹೊರಡುವ ಹೊತ್ತಿಗೆ ಗಾಳಿ ತಿರುಗಿತು. ದಾರಿಯಲ್ಲಿ ಮಂಜುಗಡ್ಡೆಗೆ ಬಿದ್ದಿದ್ದ ಬಿರುಕು ಅಗಲವಾಗುವ ಮೊದಲು ದಾಟಬೇಕಿತ್ತು. ಬರುವಾಗ ನಾಲ್ಕು ಬೂಟು ಕಳಚಿ ಬಿದ್ದಿದ್ದವೆಂದು ಆಕೆ ಈ ಸಲ ದಾರಗಳನ್ನು ಜೋರಾಗಿ ಎಳೆದು ಕಟ್ಟಿದಳು.

ಅರ್ಧ ದಾರಿಯಲ್ಲಿ ಮುಂದಾಳು ನಾಯಿ ಕರ್ನೆಕ್‌ನ ನಡಿಗೆ ಅವಳ ಕಣ್ಣಿಗೆ ಬಿತ್ತು. ಎಡ ಮುಂಗಾಲು ನೆಲಕ್ಕೆ ತಾಗಿದಾಗಲೆಲ್ಲ ಅದು ತಲೆ ಮೇಲಕ್ಕೆತ್ತುತ್ತಿತ್ತು. ಅದು ಗಾಡಿ ಎಳೆಯುವ ಹಗ್ಗವೂ ಸಡಿಲವಾಗಿತ್ತು. ಬೆರಳ ಸಂದಿಗೆ ಮಂಜು ಸಿಕ್ಕಿರಬೇಕು, ಬಿರುಕು ದಾಟಿ ನೋಡೋಣ ಎಂದ ಮಿತೆಕ್.

"ಇಲ್ಲ, ಈಗ್ಲೇ ನಿಲ್ಸು. ಅದು ಸುಮ್ನೆ ಕುಂಟೋ ನಾಯಿ ಅಲ್ಲ."

ನೋವಾದರೆ ಎಂಥ ನಾಯಿಯೂ ಕಚ್ಚುತ್ತದೆಂದು ಮೊದಲು ಅದರ ಮೂತಿಗೆ ಬಟ್ಟೆ ಸುತ್ತಿದಳು. ಒದ್ದೆಯಾದ ದಾರ ಹೆಪ್ಪುಗಟ್ಟಿ ಬೂಟಿನ ಚರ್ಮದೊಳಗೆ ಇಳಿದಿತ್ತು. ಅದನ್ನು ಚಾಕುವಿನಿಂದ ಕೊಯ್ದು ಬೂಟು ಕಳಚಿದಳು. ರಕ್ತವಿರಲಿಲ್ಲ. ಬೆರಳುಗಳು ಊದಿ ಅಗಲಿಸಿಕೊಂಡಿದ್ದವು, ಮುಟ್ಟಿದರೆ ಹಿಡಿದ ಮೀನಿನಷ್ಟೇ ತಣ್ಣಗಿದ್ದವು. ಬೆರಳೊಂದನ್ನು ಚಿವುಟಿದಳು. ನಾಯಿ ಕಾಲು ಎಳೆದುಕೊಳ್ಳಲಿಲ್ಲ.

"ಇದು ನಾನು ಮಾಡಿದ್ದು ಮಿತೆಕ್. ಎಲ್ಲಕ್ಕೂ ಹೀಗೇ ಕಟ್ಟಿದೀನಿ."

ಮಿತೆಕ್ ಒಮ್ಮೆ ಬಿರುಕಿನ ಕಡೆ ನೋಡಿ ಚಾಕು ತೆಗೆದ. ಗಾಳಿ ಬೆನ್ನಿಗೆ ಬಡಿಯುತ್ತಿರಲು ಇಬ್ಬರೂ ಹದಿಮೂರು ನಾಯಿಗಳ ದಾರ ಸಡಿಲಿಸಿದರು. ಇನ್ನೆರಡು ಕಾಲು ಊದಲು ತೊಡಗಿದ್ದವು, ಆದರೆ ಬಿಸಿಯಿದ್ದವು.

ಗಾಡಿಯ ಮೇಲೆ ಇನಾಲುಕ್ ಕರ್ನೆಕ್‌ನನ್ನು ತಬ್ಬಿ ಕೂತಳು. ತಿಕ್ಕಿದರೆ ಚರ್ಮ ಸುಲಿಯುತ್ತದೆಂದು ತಿಕ್ಕಲಿಲ್ಲ. ಅಂಗಿಯೊಳಗೆ ಬರಿಹೊಟ್ಟೆಗೆ ಆ ಪಾದವನ್ನು ಒತ್ತಿ ಹಿಡಿದಳು. ಬಿರುಕು ಮೊಳಕ್ಕಿಂತ ಅಗಲವಾಗಿತ್ತು. ಮಿತೆಕ್ ಮುಂದೆ ನಡೆದು ಕೋಲಿನಿಂದ ಕುಟ್ಟಿ ನೋಡಿ, ಗದರಿಸಿ ನಾಯಿಗಳನ್ನು ಹಾರಿಸಿದ. ಅವಳು ಬಿರುಕಿನ ನೀರನ್ನೂ ನೋಡಲಿಲ್ಲ. ಚಿವುಟುತ್ತಿದ್ದಳು, ಕಾಯುತ್ತಿದ್ದಳು, ಮತ್ತೆ ಚಿವುಟುತ್ತಿದ್ದಳು. ಊರಿನ ಮನೆಗಳು ಕಾಣುವ ಹೊತ್ತಿಗೆ ಕರ್ನೆಕ್ ಕಾಲನ್ನು ಸರಕ್ಕನೆ ಎಳೆದುಕೊಂಡು ಗುರ್ರೆಂದಿತು. ಆಗ ಅವಳು ಅತ್ತಳು.

ದಕ್ಷಿಣದ ಪಶುವೈದ್ಯೆ ಫೋನಿನಲ್ಲೇ ಎಲ್ಲ ಕೇಳಿ, ಗಾಯ ಒಣಗಿಸಿಡಿ, ಹಗುರ ಪಟ್ಟಿ ಕಟ್ಟಿ, ಬೆರಳ ತುದಿ ಮುಟ್ಟಿ ನೋಡುತ್ತಿರಿ ಎಂದಳು. ಹೊರಗಿನ ಬೆರಳೊಂದರ ಚರ್ಮ ಕಪ್ಪಾಗಿ ಉದುರಿತು, ಉಗುರೂ ಹೋಯಿತು. ಕಾಲು ಉಳಿಯಿತು. ಮುಂದಿನ ಚಳಿಗಾಲ ಕರ್ನೆಕ್ ಮತ್ತೆ ಗಾಡಿಗೆ ಬಂತು, ಆದರೆ ಮುಂದಾಳಾಗಿ ಅಲ್ಲ.

ಅದು ವಾಸಿಯಾಗುವ ಮೊದಲೇ ಇನಾಲುಕ್ ತನ್ನ ಬೂಟು ಒಯ್ದಿದ್ದ ಮನೆಮನೆಗೂ ಹೋಗಿ, ತಾನು ಕಟ್ಟಿದ ರೀತಿ ತಪ್ಪು, ದಾರದ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು ಎಂದು ಹೇಳಿ ಬಂದಳು. ಕೆಲವರು ನಕ್ಕರು. ಈಗ ಬೂಟು ಕೇಳಿ ಬಂದವರ ಕೈಯಲ್ಲಿ ಮೊದಲು ಕಟ್ಟಿಸಿ ನೋಡುತ್ತಾಳೆ. ಬಿಗಿದವರಿಗೆ ಬೂಟು ಕೊಡುವುದಿಲ್ಲ.